ಕೂತ್ಕಳಿ, ನಮ್ಮನೇವ್ರು ಬತ್ತಾರೆ

ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರಿಗಿಂತ ಹಿರಿಯರು ಹಿಂದಿ ಮೇಡಂ. ಎಲ್ಲರಿಗಿಂತ ಕಪ್ಪು ಕೂದಲಿದ್ದದ್ದೂ ಅವರಿಗೇ. ಚನ್ನರಾಯಪಟ್ಟಣದ ಆ ಹೈಸ್ಕೂಲಿಗೆ ನಾನು ವಿಜ್ಞಾನದ ಟೀಚರಾಗಿ ಸೇರಿದಾಗ ಅವರ ನಿವೃತ್ತಿಗೆ ಹೆಚ್ಚು ಕಾಲ ಉಳಿದಿರಲಿಲ್ಲ. ಆದರೂ ಬೈತಲೆಯಲ್ಲಿ ಹುಡುಕಿದರೂ ಒಂದು ಬಿಳಿ ಎಳೆ ಸಿಗುತ್ತಿರಲಿಲ್ಲ. ಸೇರಿದ ವಾರವೇ ಪಿ.ಟಿ. ಮೇಷ್ಟ್ರು ನನ್ನ ಹತ್ತಿರ ಬಂದು, "ಭಾನುವಾರ ಮಾತ್ರ ಹಿಂದಿ ಮೇಡಂಗೆ ಫೋನ್ ಮಾಡ್ಬೇಡಿ, ಬಣ್ಣ ಬಳ್ಕೊಂಡು ಕೂತಿರ್ತಾರೆ" ಅಂದು ನಕ್ಕರು. ನಕ್ಕವರು ಅವರೊಬ್ಬರೇ ಅಲ್ಲ. ಹತ್ತಿಯ ಸೀರೆ ಬಿಟ್ಟು ಬೇರೆ ಉಡದ, ಒಂದು ಎಳೆ ಮಲ್ಲಿಗೆಯನ್ನೂ ಮುಡಿಯದ ಹೆಂಗಸಿಗೆ ತಲೆಗೂದಲಿನ ಮೇಲೆ ಮಾತ್ರ ಅದೆಂಥ ವ್ಯಾಮೋಹ ಎಂದು ಎಲ್ಲರಿಗೂ ಸೋಜಿಗ.

ಹೋದ ಕಾರ್ತಿಕದಲ್ಲಿ ಅವರು ತೀರಿಕೊಂಡರು. ಶಾಲೆಯಲ್ಲಿ ಮೌನ ಆಚರಿಸಿದ ಮೇಲೆ ಅವರ ಬಗ್ಗೆ ನಾಲ್ಕು ಮಾತು ಹೇಳಲೆಂದು ಹೆಡ್ ಮಾಸ್ಟರು ನನ್ನ ಕಡೆ ನೋಡಿದರು. ನಾನು ಎದ್ದು, "ತುಂಬಾ ಶಿಸ್ತಿನವರು" ಅಂದು ಕೂತುಬಿಟ್ಟೆ.

ಶಿಸ್ತು ನಿಜವೇ. ಹಿಂದಿಯಲ್ಲಿ ಮೇಜು ಯಾಕೆ ಹೆಣ್ಣು, ಬಾಗಿಲು ಯಾಕೆ ಗಂಡು ಅಂತ ಮಕ್ಕಳು ಕೇಳಿದರೆ, "ಯಾಕೆ ಅಂತ ಕೇಳ್ಬೇಡ, ಒಪ್ಕೊ. ದೊಡ್ಡವನಾದ ಮೇಲೂ ಇಂಥವು ತುಂಬ ಬರ್ತವೆ" ಅನ್ನುತ್ತಿದ್ದರು. ಪರೀಕ್ಷೆ ಹತ್ತಿರ ಬಂದು ಒಂದೇ ಸಲಕ್ಕೆ ಹತ್ತು ಕೆಲಸ ತಲೆಯ ಮೇಲೆ ಬಿದ್ದು ನಾವೆಲ್ಲ ಒದ್ದಾಡುವಾಗ, "ಒಂದು ಹೊತ್ತಿಗೆ ಒಂದೇ ಗಾಬರಿ ಇಟ್ಕೊಳ್ಳಿ" ಅನ್ನುವರು. ಯಾರಾದರೂ ಅಯ್ಯೋ ಪಾಪ ಅಂದರೆ ಅವರಿಗೆ ಸಿಟ್ಟು ಬರುತ್ತಿತ್ತು. ಜ್ವರದಲ್ಲಿ ಬಂದ ದಿನವೂ ಯಾರೂ ಅವರ ಹಣೆ ಮುಟ್ಟುವಂತಿರಲಿಲ್ಲ.

ಹಾಸನದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದವರು ನಾವಿಬ್ಬರೇ. ಬೇಸಿಗೆಯಲ್ಲೂ ಅವರು ತಮ್ಮ ಪಕ್ಕದ ಕಿಟಕಿ ಮುಚ್ಚಿಸುತ್ತಿದ್ದರು. ತಲೆಯ ಮೇಲೆ ಸೆರಗು ಎಳೆದುಕೊಂಡು, ತೊಡೆಯ ಮೇಲೆ ಮಕ್ಕಳ ಪುಸ್ತಕ ಇಟ್ಟುಕೊಂಡು ತಿದ್ದುವರು. ಮೊದಲ ವರ್ಷ ನಮ್ಮ ಮಾತು ಹವೆ, ಬಸ್ಸು, ಇವೆರಡನ್ನು ದಾಟಲಿಲ್ಲ. ಅವರು ಹೊಳೆನರಸೀಪುರದವರು, ತಂದೆ ಅಲ್ಲಿ ಅರ್ಚಕರಾಗಿದ್ದರು. ಯಜಮಾನರು ಅರಕಲಗೂಡು ಕಡೆಯ ಒಕ್ಕಲು ಮನೆತನದವರು, ಕೃಷಿ ಇಲಾಖೆಯಲ್ಲಿದ್ದು ನಿವೃತ್ತರಾದವರು, ಮಕ್ಕಳಿಲ್ಲ. ನನಗೆ ಗೊತ್ತಿದ್ದದ್ದು ಇಷ್ಟು. ಮದುವೆಯಾದ ಮೇಲೆ ಅವರು ಹೊಳೆನರಸೀಪುರದ ಮನೆಯ ಹೊಸ್ತಿಲು ತುಳಿದಿಲ್ಲ ಎಂದು ಬೇರೆಯವರಿಂದ ಕೇಳಿದ್ದೆ.

ಒಂದು ಸೋಮವಾರ ಬೆಳಿಗ್ಗೆ ಶಾಂತಿಗ್ರಾಮದ ಹತ್ತಿರ ಬಸ್ಸು ಕೆಟ್ಟು ನಿಂತಿತು. ಎಲ್ಲರನ್ನೂ ಇಳಿಸಿ, ಹಿಂದಿನ ಬಸ್ಸಿಗೆ ಹತ್ತಿಸುತ್ತೇವೆಂದರು. ರಸ್ತೆ ಬದಿ ನಿಂತಾಗ ಲಾರಿಯೊಂದು ಹಾದುಹೋದ ಗಾಳಿಗೆ ಮೇಡಂ ಸೆರಗು ಜಾರಿತು. ನಾನು ಬೆಚ್ಚಿದೆ. ಕಪ್ಪು ಹೋಗಿ ಕೂದಲೆಲ್ಲ ತುಕ್ಕು ಹಿಡಿದ ಬಣ್ಣಕ್ಕೆ ತಿರುಗಿತ್ತು. ಕಿವಿಗಳ ಮೇಲೆ ಎರಡೂ ಕಡೆ ಬೆಳ್ಳಗೆ. ನಾನು ನೋಡಿದ್ದನ್ನು ಅವರೂ ನೋಡಿದರು. ಸೆರಗು ಸರಿಮಾಡಿಕೊಳ್ಳಲಿಲ್ಲ.

"ನೀವು ಸೈನ್ಸ್ ಅಲ್ವಾ? ಕ್ಲಾರಿಫೈಯಿಂಗ್ ಶ್ಯಾಂಪೂ ಅಂತಾರಲ್ಲ, ಏನದು?" ಅಂದರು.

ಕೂದಲಿಗೆ ಅಂಟಿಕೊಂಡ ಎಣ್ಣೆ, ಜಿಡ್ಡು, ಗಡಸು ನೀರಿನ ಪದರ ಎಲ್ಲವನ್ನೂ ತೊಳೆದು ತೆಗೆಯುವ ಶ್ಯಾಂಪೂ ಅದು, ಮಾಮೂಲಿಗಿಂತ ಖಾರ ಜಾಸ್ತಿ ಎಂದೆ.

"ಬಣ್ಣಾನೂ ತೆಗೆಯುತ್ತೆ ಅಂತ ಅಂಗಡಿಯವನು ಹೇಳಲಿಲ್ಲ ನೋಡಿ."

ಅವರ ಮನೆ ಹಾಸನದ ಹೊರಗಿನ ಬಡಾವಣೆಯಲ್ಲಿ. ಬಚ್ಚಲಿಗೆ ಬೋರ್‌ವೆಲ್ ನೀರು. ನಲ್ಲಿಯ ಬಾಯಿಗೆಲ್ಲ ಸುಣ್ಣ ಬಳಿದ ಹಾಗೆ ಬಿಳಿ ಕಟ್ಟುವಂಥ ನೀರು. ಕೂದಲು ಹಗ್ಗದಂತಾಗಿ, ಎಷ್ಟು ತೊಳೆದರೂ ಅಂಟಂಟು, ಬಣ್ಣ ಸರಿಯಾಗಿ ಹಿಡಿಯದೆ ಮಂಕು. ಯಾರೋ ಈ ಶ್ಯಾಂಪೂ ಹೇಳಿದ್ದಾರೆ. ಆ ಸಲ ಶನಿವಾರವೇ ಬಣ್ಣ ಹಚ್ಚಿಕೊಂಡಿದ್ದಾರೆ, ಭಾನುವಾರ ಬೆಳಿಗ್ಗೆ ಸುಡು ಸುಡು ನೀರಿನಲ್ಲಿ ಇದನ್ನು ಕೈತುಂಬ ಸುರಿದು, ಎರಡು ಸಲ ಗಸಗಸ ಉಜ್ಜಿದ್ದಾರೆ. ಬಚ್ಚಲ ನೀರೆಲ್ಲ ಕಪ್ಪಗೆ ಹರಿದುಹೋಗಿದೆ.

"ಹೋಗ್ಲಿ ಬಿಡಿ ಮೇಡಂ, ಮತ್ತೆ ಹಚ್ಚಿಕೊಂಡರಾಯ್ತು" ಅಂದೆ.

ಅವರು ಮೊದಲ ಸಲ ನನ್ನನ್ನು ಏಕವಚನದಲ್ಲಿ ಮಾತಾಡಿಸಿದರು. "ತಲೆ ಒಣಗಿಸ್ಕೊಂಡು ಒಳಗೆ ಬಂದೆ ಕಣೆ. ನಮ್ಮೋರು ಕುರ್ಚಿ ಬಿಟ್ಟು ಎದ್ದು ನಿಂತ್ರು. ಕೈ ಮುಗಿದು, 'ಬನ್ನಿ ಅಮ್ಮಾ, ಕೂತ್ಕಳಿ. ನಮ್ಮನೇವ್ರು ಇಸ್ಕೂಲಿಗೆ ಓಗವ್ರೆ, ಇನ್ನೇನ್ ಬತ್ತಾರೆ' ಅಂದ್ರು. ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ತಂದುಕೊಟ್ರು. ನಾನು ಕೂತ್ಕೊಂಡು ಆ ನೀರು ಕುಡಿದೆ. ಇನ್ನೇನು ಮಾಡ್ಲಿ?"

ಯಜಮಾನರಿಗೆ ಮರೆವಿನ ಕಾಯಿಲೆ ಶುರುವಾಗಿ ಆಗಲೇ ಮೂರು ವರ್ಷವಾಗಿತ್ತಂತೆ. ಹಗಲು ಪಕ್ಕದ ಮನೆಯವರು ಒಂದು ಕಣ್ಣಿಟ್ಟಿರುತ್ತಿದ್ದರು. ನೆಂಟರ ಮುಖ ಹೋಗಿತ್ತು, ತಾವು ಕೆಲಸ ಮಾಡಿದ ಆಫೀಸು ಹೋಗಿತ್ತು. ಹೆಂಡತಿ ಮಾತ್ರ ಉಳಿದಿದ್ದರು. ಅದೂ ಕಪ್ಪು ಕೂದಲ ಹೆಂಡತಿ. ಒಮ್ಮೆ ಬಣ್ಣ ಹಚ್ಚುವುದು ತಡವಾಗಿ ನರೆ ಇಣುಕಿದಾಗ ಅವರು ಗಲಿಬಿಲಿಯಾದದ್ದನ್ನು ಮೇಡಂ ಗಮನಿಸಿದ್ದರು. ಅಂದಿನಿಂದ ಒಂದು ವಾರವೂ ತಪ್ಪದೆ ಬೈತಲೆ ನೋಡಿಕೊಳ್ಳುತ್ತಿದ್ದರು. ನಾವು ಸ್ಟಾಫ್ ರೂಮಿನಲ್ಲಿ ವ್ಯಾಮೋಹ ಎಂದುಕೊಂಡದ್ದು ಇದನ್ನೇ.

"ಸಂಜೆ ತನಕ ಗೇಟಲ್ಲಿ ನಿಂತಿದ್ರು, ನಾನು ಬರ್ತೀನಿ ಅಂತ. ನಾನು ಒಳಗೆ ಕೂತಿದ್ದೆ" ಅಂದರು. ಅಷ್ಟರಲ್ಲಿ ಹಿಂದಿನ ಬಸ್ಸು ಬಂತು.

ಅವತ್ತಿನಿಂದ ಊಟದ ಬಿಡುವಿನಲ್ಲಿ ನಾವಿಬ್ಬರೂ ಲ್ಯಾಬಿನ ಬಾಗಿಲು ಹಾಕಿಕೊಂಡು, ಬಣ್ಣ ಹೋಗದಂತೆ ಆ ಶ್ಯಾಂಪೂ ಬಳಸುವುದು ಹೇಗೆಂದು ನೋಡತೊಡಗಿದೆವು. ಬಾಚಣಿಗೆಯಲ್ಲಿ ಬಂದ ಕೂದಲನ್ನು ಅವರು ಕಾಗದದಲ್ಲಿ ಸುತ್ತಿ ತರುತ್ತಿದ್ದರು. ಆ ಸೋಮವಾರ ಸಂಜೆಯೇ ಅವರು ಮತ್ತೆ ಬಣ್ಣ ಹಚ್ಚಿಕೊಂಡರು, ಯಜಮಾನರಿಗೆ ಹೆಂಡತಿ ಸಿಕ್ಕರು. ಉಳಿದ ಬಣ್ಣವನ್ನು ಆ ಎಳೆಗಳಿಗೆ ಹಚ್ಚಿ ಮಾರನೆಯ ದಿನ ತಂದರು. ಒಂದು ಗೊಂಚಲನ್ನು ನೇರ ಶ್ಯಾಂಪೂವಿನಲ್ಲಿ ಬಿಸಿ ನೀರಿಗೆ ಹಾಕಿದೆವು. ಇನ್ನೊಂದನ್ನು ನೀರು ಬೆರೆಸಿ ತೆಳ್ಳಗೆ ಮಾಡಿದ ಶ್ಯಾಂಪೂವಿನಲ್ಲಿ, ಉಗುರು ಬೆಚ್ಚಗಿನ ನೀರಿಗೆ. ಮತ್ತೊಂದನ್ನು ಹಾಗೇ ಬಿಟ್ಟು ಕೆಲವು ದಿನ ಕಳೆದ ಮೇಲೆ ತೊಳೆದೆವು. ಮೊದಲನೆಯ ಬೀಕರಿನ ನೀರು ಡಿಕಾಕ್ಷನ್ ಆಯಿತು. ಎರಡನೆಯದು ತಿಳಿ ಟೀ. ಕೆಲವು ದಿನ ಬಿಟ್ಟು ತೊಳೆದದ್ದರಲ್ಲಿ ಬಣ್ಣ ಬಿಟ್ಟಿದೆಯೋ ಇಲ್ಲವೋ ಎಂದು ಬೆಳಕಿಗೆ ಹಿಡಿದು ನೋಡಬೇಕಾಯಿತು. ಮೇಡಂ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಆ ಬೀಕರುಗಳನ್ನು ನೋಡುತ್ತಾ ನಿಂತದ್ದು, ಪ್ರಾಣವೇ ಅದರಲ್ಲಿದೆ ಎಂಬಂತೆ, ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಹಾಸನದ ಪಾರ್ಲರಿನ ಹುಡುಗಿಯೊಬ್ಬಳನ್ನೂ ಕೇಳಿದೆವು. ಅವಳು ನಕ್ಕು, "ಆಂಟಿ, ಬಣ್ಣ ಹಚ್ಚಿದ ಮೇಲಲ್ಲ, ಹಚ್ಚೋಕೆ ಮುಂಚೆ ತೊಳೀರಿ ಇದರಲ್ಲಿ. ಜಿಡ್ಡು ಹೋದ್ರೆ ಹೊಸ ಬಣ್ಣ ಚೆನ್ನಾಗಿ ಹಿಡಿಯುತ್ತೆ" ಅಂದಳು. ಮಾತು ಅಷ್ಟು ಸರಳವಾಗಿತ್ತು. ಹಾಗೆ ಅವರಿಗೊಂದು ಕ್ರಮ ಸಿಕ್ಕಿತು. ಬಣ್ಣ ಹಚ್ಚುವ ಹಿಂದಿನ ದಿನ, ತಿಂಗಳಿಗೊಂದು ಸಲ ಮಾತ್ರ, ಚೊಂಬಿನ ನೀರಿಗೆ ಸ್ವಲ್ಪ ಶ್ಯಾಂಪೂ ಬೆರೆಸಿ, ಬೆರಳ ತುದಿಯಿಂದ ನೆತ್ತಿಗೆ ಮಾತ್ರ ಹಾಕುವುದು. ಹೆಚ್ಚು ಹೊತ್ತು ಬಿಡದೆ ಬೆಚ್ಚಗಿನ ನೀರಿನಲ್ಲಿ ತೊಳೆದು, ತುದಿಗೆ ಕಂಡೀಷನರ್ ಹಚ್ಚುವುದು. ಕೊನೆಯ ನೀರು ಬೋರ್‌ವೆಲ್ಲಿನದಲ್ಲ, ಹೊಳೆ ನೀರಿನ ನಲ್ಲಿ ಬಂದ ದಿನ ಹಿಡಿದಿಟ್ಟದ್ದು. ಉಳಿದ ದಿನಗಳಲ್ಲಿ ಬಣ್ಣದ ಕೂದಲಿಗೆಂದೇ ಬರುವ ಸೌಮ್ಯ ಶ್ಯಾಂಪೂ. ಬಣ್ಣ ಹಚ್ಚುವ ಮುಂಚೆ ಪ್ರತಿ ಸಲವೂ ಕಿವಿಯ ಹಿಂದೆ ಚೂರು ಹಚ್ಚಿ, ಕೆರೆತ ಬರುತ್ತದೋ ಎಂದು ಕಾದು ನೋಡುವುದು. ಇದನ್ನೆಲ್ಲ ಅವರು ಹಿಂದಿ ವ್ಯಾಕರಣದಂತೆ ಬಾಯಿಪಾಠ ಮಾಡಿಕೊಂಡರು.

ಆಮೇಲಿನ ಒಂದೂವರೆ ವರ್ಷ ಅವರು ಸುಖವಾಗಿದ್ದರು ಎನ್ನಬಹುದು. ಒಂದು ರಜೆಯ ದಿನ ನನ್ನನ್ನು ಮನೆಗೆ ಕರೆದರು. ಯಜಮಾನರು ಎತ್ತರದ ಆಳು, ಶುಭ್ರ ಪಂಚೆ. ಅಂಗಳದ ಮೂಲೆಯಲ್ಲಿ ಒಂದು ಸಾಲು ಆಲೂಗಡ್ಡೆ ಹಾಕಿದ್ದರು. ನನಗೆ ಅದನ್ನು ತೋರಿಸಿ, "ಮಣ್ಣು ಸಡ್ಲ ಇರ್ಬೇಕು ಮಿಸ್ಸು. ಬಿಗಿಯಾದ್ರೆ ಗೆಡ್ಡೆ ಕಟ್ಟಾಕಿಲ್ಲ" ಅಂದರು. ಒಳಗೆ ಬಂದ ಮೇಲೆ ಹೆಂಡತಿಯ ಜಡೆಯ ಕಡೆ ಕೈ ತೋರಿಸಿ, "ನೋಡಿ, ನಮ್ಮನೇವ್ರಿಗೆ ಒಂದ್ ನರೆ ಇಲ್ಲ. ನಂಗೆ ನೋಡಿ, ತಲೆಯೆಲ್ಲ ಬೆಳ್ಳಗೆ ಅತ್ತಿ" ಅಂದು ನಕ್ಕರು. ಹೆಂಡತಿಗೆ ಬಹುವಚನ ಹಾಕುವ ಗಂಡಸರನ್ನು ಆ ಕಡೆ ನಾನು ಹೆಚ್ಚು ಕಂಡಿಲ್ಲ. ಮೇಡಂ ಮುಖ ತಿರುಗಿಸಿಕೊಂಡು ಕಾಫಿ ಸೋಸುತ್ತಿದ್ದರು.

ನಿವೃತ್ತಿಗೆ ಕೆಲವು ತಿಂಗಳಿದ್ದಾಗ ಒಂದು ದಿನ ಅವರು ಶಾಲೆಗೆ ಬರಲಿಲ್ಲ. ಮಾರನೆಯ ದಿನವೂ ಇಲ್ಲ. ಸಂಜೆ ಬಸ್ಸಿಳಿದು ಅವರ ಮನೆಗೆ ಹೋದೆ. ಬಾಗಿಲು ತೆಗೆದವರ ಮುಖ ಗುರುತು ಸಿಗುವಂತಿರಲಿಲ್ಲ. ಕಣ್ಣಿನ ರೆಪ್ಪೆಗಳು ಊದಿ ಮುಚ್ಚಿಕೊಂಡಿದ್ದವು. ಹಣೆ, ಕಿವಿ, ಕುತ್ತಿಗೆಯಲ್ಲೆಲ್ಲ ಕೆಂಪು ದದ್ದು, ನೆತ್ತಿಯಲ್ಲಿ ನೀರು ಸೋರುವ ಹುಣ್ಣು.

"ಡಾಕ್ಟ್ರ ಹತ್ರ ಹೋಗಿದ್ದೆ. ಬಣ್ಣ ಮೈಗೆ ಆಗ್ತಿಲ್ಲವಂತೆ. ಇಷ್ಟು ವರ್ಷ ಹಚ್ಚಿದ ಮೇಲೂ ಹೀಗಾಗುತ್ತಂತೆ. ಇನ್ನೊಂದು ಸಲ ಹಚ್ಚಿದ್ರೆ ಉಸಿರಿಗೇ ಅಪಾಯ ಅಂದ್ರು."

"ಕಿವಿ ಹಿಂದೆ ನೋಡಿರಲಿಲ್ವಾ ಮೇಡಂ?"

"ನೋಡಿದ್ದೆ. ಕೆರೆತ ಬಂದಿತ್ತು." ಕಿವಿಯ ಹಿಂದೆ ಬೆರಳಿಟ್ಟು ತೋರಿಸಿ ಹೇಳಿದರು, "ಬಂದದ್ದು ಗೊತ್ತಿದ್ದೇ ಹಚ್ಕೊಂಡೆ ಕಣೆ. ಬೇರೆ ಏನು ಮಾಡಲಿ ಅಂತ ಹೊಳೀಲಿಲ್ಲ."

ಒಳಗಿನ ಕೋಣೆಯಿಂದ ಯಜಮಾನರು ಕೂಗಿದರು, "ಟೀಚರಮ್ಮಾ, ಯಾರ್ ಬಂದವ್ರೆ?" ಅರಕಲಗೂಡಿನ ಹತ್ತಿರದ ಹಳ್ಳಿಯಲ್ಲಿ ಮೇಡಂ ಹೊಸದಾಗಿ ಕೆಲಸಕ್ಕೆ ಸೇರಿದಾಗ ಅವರು ಕರೆಯುತ್ತಿದ್ದದ್ದು ಹಾಗೆ, ಮದುವೆಯಾದ ಮೇಲೂ ಬದಲಾಗಿರಲಿಲ್ಲ. ದನಿಗೆ ಹೆಂಡತಿ ಸಿಕ್ಕಿದ್ದರು. ಮುಖ ನೋಡಿದರೆ ಏನಾಗುತ್ತಿತ್ತೋ, ಮೇಡಂ ಎರಡು ದಿನದಿಂದ ಅವರ ಎದುರಿಗೆ ಹೋಗಿರಲಿಲ್ಲ. ಊಟದ ತಟ್ಟೆಯನ್ನು ಬಾಗಿಲ ಬಳಿ ಇಟ್ಟು ಬರುತ್ತಿದ್ದರು.

ಊತ ಇಳಿಯಿತು. ನೆತ್ತಿ ಮಾಗಿದ ಮೇಲೆ ಕೇಳಿದರು, "ಈಗ ತಲೆ ಮೇಲಿರೋ ಬಣ್ಣ ಎಷ್ಟು ದಿನ ಉಳಿಸಬಹುದು?" ಖಾರದ ಶ್ಯಾಂಪೂವನ್ನು ಪೂರ್ತಿ ಬಿಟ್ಟು, ಹೊಳೆ ನೀರಿನಲ್ಲೇ ತೊಳೆದರೆ ಸಾಕಷ್ಟು ದಿನ ಇರುತ್ತದೆ ಎಂದೆ. ಆದರೆ ಸುಳ್ಳು ಹೇಳಲಾಗಲಿಲ್ಲ. "ಬಣ್ಣ ಉಳಿಯುತ್ತೆ ಮೇಡಂ. ಕೂದಲು ಬೆಳೆಯೋದು ನಿಲ್ಲಲ್ವಲ್ಲ."

ಬೆಳೆಯಿತು. ಮೊದಲು ಬೈತಲೆಯ ಉದ್ದಕ್ಕೆ ಒಂದು ಬಿಳಿ ಗೆರೆ, ಆಮೇಲೆ ಬೆರಳಗಲ. ಮನೆಯಲ್ಲೂ ಸೆರಗು ಹೊದೆಯುತ್ತಿದ್ದರು. ಯಜಮಾನರಿಗೆ ಅದೇ ಅನುಮಾನಕ್ಕೆ ಕಾರಣವಾಯಿತು. ನಮ್ಮನೇವ್ರು ಹಿಂಗೆ ಮುಸುಕು ಹಾಕುವವರಲ್ಲ ಎಂದರು. ಮೇಡಂ ತಾವೇ ಟೀಚರಮ್ಮ ಎಂದು ಸಾಧಿಸಲು ಹೋದ ದಿನ ಅವರು ಹೆದರಿ, ಬೆವತು, ಮನೆ ಬಿಟ್ಟು ಹೊರಟು, ರಿಂಗ್ ರೋಡಿನವರೆಗೆ ನಡೆದುಬಿಟ್ಟಿದ್ದರು. ಅವರನ್ನು ಹುಡುಕಿ ಕರೆತಂದ ಮೇಲೆ ಮೇಡಂ ಮತ್ತೆ ಆ ಪ್ರಯತ್ನ ಮಾಡಲಿಲ್ಲ. "ನಿಮ್ಮನೇವ್ರು ನನ್ನ ಕಳಿಸಿದ್ದಾರೆ, ಅವರು ಬರೋ ತನಕ ಅಡುಗೆ ಗಿಡುಗೆ ನೋಡ್ಕೊ ಅಂದಿದ್ದಾರೆ" ಎಂದರಂತೆ. ಅವರು ತಕ್ಷಣ ಶಾಂತರಾಗಿ, "ಅಂಗಾ? ಅವ್ರು ಯೋಳಿದ್ ಮೇಲೆ ಮುಗೀತು. ಕೂತ್ಕಳಿ" ಅಂದರಂತೆ.

ಹೀಗೆ ಅವರು ತಮ್ಮ ಮನೆಯಲ್ಲಿ ಹೊರಗಿನವರಾದರು. ಪರಹೆಂಗಸು ಇರುವ ಮನೆಯೆಂದು ಯಜಮಾನರು ಕೋಣೆಯ ಬಾಗಿಲು ಹಾಕಿಕೊಂಡು ಮಲಗತೊಡಗಿದರು. ಮೇಡಂ ಚಾಪೆ ನಡುಮನೆಗೆ ಬಂತು. ನಿವೃತ್ತಿಯ ದಿನ ಶಾಲು ಹೊದಿಸಿಕೊಳ್ಳಲು ವೇದಿಕೆ ಹತ್ತಿದಾಗ ಅವರು ತಲೆಯ ಮೇಲೆ ಸೆರಗು ಹೊದೆದಿರಲಿಲ್ಲ. ಅರ್ಧ ಬಿಳಿ, ಅರ್ಧ ಮಾಸಿದ ಕಂದು. ಪಿ.ಟಿ. ಮೇಷ್ಟ್ರು ಸೇರಿದಂತೆ ಯಾರೂ ಏನೂ ಅನ್ನಲಿಲ್ಲ.

ಆಮೇಲೆ ನಾನು ತಿಂಗಳಿಗೊಂದೆರಡು ಸಲ ಹೋಗಿಬರುತ್ತಿದ್ದೆ. ಒಂದು ಸಂಜೆ ಅಂಗಳದ ಕಟ್ಟೆಯ ಮೇಲೆ ಕೂತು ಮೇಡಂ ಹೇಳಿದರು, "ಗಂಡ ಹೆಂಡ್ತಿ ಹತ್ರ ಹೇಳದೆ ಇರೋದು ಎಷ್ಟಿರುತ್ತೆ ಗೊತ್ತೇನೆ? ಈಗ ನನ್ನ ಹತ್ರ ಎಲ್ಲ ಹೇಳ್ತಾರೆ."

"ಏನು ಹೇಳ್ತಾರೆ?"

"ನಮ್ಮಪ್ಪ ತೀರಿಕೊಂಡಾಗ ಹೊಳೆನರಸೀಪುರಕ್ಕೆ ಹೋಗಿದ್ವಿ. ನನ್ನ ಒಳಗೆ ಬಿಡಲಿಲ್ಲ. ಬೀದಿಲೇ ನಿಂತು, ಹೆಣ ಎತ್ತೋದು ನೋಡಿ ಬಂದೆ. ಅವತ್ತು ನಮ್ಮೋರ ಹತ್ರ ನಾನೂ ಮಾತಾಡಲಿಲ್ಲ, ಅವರೂ ಮಾತಾಡಲಿಲ್ಲ. ಆಮೇಲೆ ಯಾವತ್ತೂ ಇಬ್ಬರೂ ಅದರ ಮಾತೆತ್ತಲಿಲ್ಲ. ಮೊನ್ನೆ ಬಟಾಣಿ ಬಿಡಿಸ್ತಾ ಕೂತಿದ್ದೆ. ಬಂದು ಎದುರಿಗೆ ಕೂತು, 'ಅಮ್ಮಾ, ನಾನು ಒಂದ್ ತಪ್ ಮಾಡ್ಬುಟ್ಟಿವ್ನಿ. ಆ ಮಗೀನ, ನಮ್ಮನೇವ್ರನ್ನ, ಅವ್ರಪ್ಪನ ಮನೆಯಿಂದ ಕರ್ಕಬಂದ್ಬುಟ್ಟೆ. ಅವತ್ತು ಬೀದೀಲಿ ನಿಂತಿದ್ರಲ್ಲ, ಅಲ್ಲಿಂದೀಚ್ಗೆ ಅವ್ರು ಮನಸ್ ಬಿಚ್ಚಿ ನಗ್ಲೇ ಇಲ್ಲ' ಅಂದ್ರು."

"ನೀವೇನಂದ್ರಿ?"

"ಅವರು ಹಾಗಂದುಕೊಂಡಿಲ್ಲ, ನಿಮ್ಮ ಜೊತೆ ಬಂದಿದ್ದಕ್ಕೆ ಒಂದು ದಿನಾನೂ ಬೇಜಾರು ಮಾಡ್ಕೊಂಡಿಲ್ಲ ಅಂದೆ." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಡಿಸಿದರು. "ನನ್ನ ಮುಖಾನೇ ನೋಡ್ತಿದ್ರು. ಆಮೇಲೆ 'ನಿಮ್ಗೆಂಗ್ ಗೊತ್ತಮ್ಮಾ? ಅವ್ರು ಬಂದು ಯೋಳ್ಬೇಕು' ಅಂದು ಗೇಟಿನ ಕಡೆ ಹೋದ್ರು."

ನಾನು ಅವರ ಕೈ ಹಿಡಿದುಕೊಂಡೆ. ಆ ಸಂಜೆ ಅವರು ಕೊಸರಿಕೊಳ್ಳಲಿಲ್ಲ.

ಕಾರ್ತಿಕದ ಒಂದು ಬೆಳಿಗ್ಗೆ ಪಕ್ಕದ ಮನೆಯವರು ಫೋನ್ ಮಾಡಿದರು. ಯಜಮಾನರು ಕಾಂಪೌಂಡಿನ ಬಳಿ ಬಂದು, "ಯಾರಾದ್ರೂ ಬನ್ನಿ, ಆ ಅಮ್ಮ ಅಡಿಗೆ ಮನೇಲಿ ಬಿದ್ಬುಟ್ಟವ್ರೆ" ಎಂದು ಕೂಗಿದರಂತೆ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಜೀವ ಹೋಗಿತ್ತು. ಹೃದಯ ನಿಂತಿದೆ ಎಂದರು. ನಾನು ತಲುಪಿದಾಗ ಅವರನ್ನು ನಡುಮನೆಯಲ್ಲಿ ಮಲಗಿಸಿದ್ದರು. ತಲೆಯಲ್ಲಿ ಬಣ್ಣದ ಒಂದು ಎಳೆಯೂ ಉಳಿದಿರಲಿಲ್ಲ. ಬಿಳಿ ಕೂದಲನ್ನು ಯಾರೋ ನೀಟಾಗಿ ಬಾಚಿ ಎದೆಯ ಮೇಲೆ ತಂದಿದ್ದರು. ಅಷ್ಟು ದಟ್ಟ ಕೂದಲು ಅವರದು ಎಂದು ನನಗೆ ಅವತ್ತೇ ತಿಳಿದದ್ದು.

ಅರಕಲಗೂಡಿನಿಂದ ಯಜಮಾನರ ಅಣ್ಣನ ಮಗ ಬಂದ. ಹೊಳೆನರಸೀಪುರಕ್ಕೂ ತಿಳಿಸಿದ್ದರು, ಮಧ್ಯಾಹ್ನವಾದರೂ ಆ ಕಡೆಯಿಂದ ಯಾರೂ ಬರಲಿಲ್ಲ. "ಚಿಕ್ಕಪ್ಪಂಗೆ ಏನೂ ಯೋಳೋದ್ ಬ್ಯಾಡ. ಗೊತ್ತಾದ್ರೆ ತಡ್ಕಳಾಕಿಲ್ಲ. ಎಲ್ಲಾ ನಾನೇ ಮಾಡ್ತೀನಿ" ಎಂದು ಆತ ಹೇಳಿದ. ಅದೇ ಸರಿ ಎನಿಸಿತು.

ಯಜಮಾನರು ಮೂಲೆಯ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದರು. ನನ್ನನ್ನು ಹತ್ತಿರ ಕರೆದರು. "ಈ ಅಮ್ಮನ ಕಡೆಯೋರು ಯಾರೂ ಬರ್ಲಿಲ್ವಾ?"

ಇಲ್ಲ ಎಂದೆ.

"ಮಕ್ಕಳು ಮರಿ?"

"ಇಲ್ಲ."

ಅವರು ಕುರ್ಚಿಯ ಕೈ ಹಿಡಿದು ಎದ್ದರು. "ಹಂಗಂತ ಅನಾಥ್ರಂಗೆ ಕಳ್ಸಕ್ಕಾಯ್ತದಾ? ನಮ್ಮನೇಲಿ ಬೇಯಿಸಾಕಿದ್ ಜೀವ. ನಾನೇ ಮುಂದೆ ನಿಂತ್ಕತೀನಿ" ಅಂದರು. ಅಣ್ಣನ ಮಗ ತಡೆಯಲು ಬಂದವನು ಅವರ ಮುಖ ನೋಡಿ ಪಕ್ಕಕ್ಕೆ ಸರಿದ.

ಬಚ್ಚಲಿಗೆ ಹೋಗಿ ತಲೆಯ ಮೇಲೆ ತಣ್ಣೀರು ಸುರಿದುಕೊಂಡು ಒದ್ದೆ ಪಂಚೆಯಲ್ಲೇ ಬಂದರು. ಕಾಯಿಲೆ ಏನೇನೋ ಕಿತ್ತುಕೊಂಡಿತ್ತು, ಇದನ್ನು ಬಿಟ್ಟಿತ್ತು. ಅಕ್ಕಿ ಎಲ್ಲಿಡಬೇಕು, ಯಾವ ಕಡೆಯಿಂದ ಸುತ್ತಬೇಕು, ಒಂದೂ ತಪ್ಪಲಿಲ್ಲ. ಬಾಯಿಗೆ ನೀರು ಬಿಡಲು ಬಗ್ಗಿದವರು ಕೈ ತಡೆದು ನನ್ನ ಕಡೆ ತಿರುಗಿದರು.

"ಎಸ್ರೇನು ಇವ್ರುದು? ಎಸ್ರಿಡ್ದು ನೀರ್ ಬುಡ್ಬೇಕು."

ನಾನು ಹೆಸರು ಹೇಳಿದೆ.

ಅವರು ಆ ಮುಖವನ್ನು, ಆ ಬಿಳಿ ಕೂದಲನ್ನು ನೋಡಿದರು. "ನಮ್ಮನೇವ್ರ ಎಸ್ರೂ ಇದೇ ಕಣಮ್ಮ" ಅಂದರು. ಆಮೇಲೆ ಆ ಹೆಸರನ್ನು ಗಟ್ಟಿಯಾಗಿ ಹೇಳಿ ನೀರು ಬಿಟ್ಟರು. ನೆಟ್ಟಗೆ ನಿಂತು ಒಂದು ಸಲ ಗೇಟಿನ ಕಡೆ ಕಣ್ಣು ಹಾಯಿಸಿ, "ಅವ್ರು ಇದ್ದಿದ್ರೆ ಚೆನ್ನಾಗಿತ್ತು. ಬರೋಗಂಟ ಕಾಯಕ್ಕಾಗಾಕಿಲ್ಲ, ಲೇಟಾಯ್ತದೆ. ಎತ್ರಪ್ಪ" ಅಂದರು.